ಒಂದೂವರೆ ಇಂಚಿನ ಹಠ

ಕಂಟ್ರಾಕ್ಟರು ಚಹಾದ ಲೋಟ ಕೆಳಗಿಟ್ಟು ಮೂರನೇ ಸಲ ಗಡಿಯಾರ ನೋಡಿದ. ಪರದೆಯ ಮೇಲೆ ಹನ್ನೆರಡು ಮನೆಗಳ ಕಟ್ಟಡವೊಂದು ಅರ್ಧಕ್ಕೆ ನಿಂತಿತ್ತು. ಎಡಗಡೆಯ ಬಾಲ್ಕನಿಗಳಿಗೆ ಬಣ್ಣ ಬಂದಿತ್ತು, ಬಲಗಡೆಯವು ಇನ್ನೂ ಬೂದಿ ಬಣ್ಣದ ಪೆಟ್ಟಿಗೆಗಳಾಗಿಯೇ ಉಳಿದಿದ್ದವು. ಮೇಜಿನ ಕೆಳಗೆ ಕಂಪ್ಯೂಟರಿನ ಡಬ್ಬಿ ಏದುಸಿರು ಬಿಡುತ್ತಿತ್ತು.

"ಪ್ಲಾನಕ್ಕಾ, ಇದು ಇವತ್ತು ತಿರುಗುತ್ತೋ, ಇಲ್ಲ ನಾನು ನಾಳೆ ಬರ್ಲೋ?"

"ಇನ್ನೈದು ನಿಮಿಷ."

"ಇಪ್ಪತ್ತು ನಿಮಿಷದ ಹಿಂದೇನೂ ಐದೇ ನಿಮಿಷ ಅಂದ್ರಿ."

ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ಆಮೇಲೆ ಕಪ್ಪಾಯಿತು. ಕಂಟ್ರಾಕ್ಟರು ಎದ್ದು ಚಪ್ಪಲಿ ಹುಡುಕತೊಡಗಿದ.

ಮನೆ ನಕ್ಷೆ ಬರೆಯುವುದು ಅವಳ ಕಸುಬು. ಗಾರೆಯವರು, ಪ್ಲಂಬರು, ಕಬ್ಬಿಣ ಕಟ್ಟುವವರು ಎಲ್ಲರಿಗೂ ಅವಳು ಪ್ಲಾನಕ್ಕ. ಮೊದಲು ಒಬ್ಬ ಎಂಜಿನಿಯರ ಕಚೇರಿಯಲ್ಲಿ ಕಾಗದದ ಮೇಲೆ ಬರೆಯುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಮನೆಯ ಹಾಲಿನಲ್ಲಿ, ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತಳು. ಈ ಕಂಪ್ಯೂಟರಿಗೆ ಹನ್ನೊಂದು ವರ್ಷ. ಗೆರೆ ಎಳೆಯುವುದಕ್ಕೆ ಅದು ಇಂದಿಗೂ ಸೈ. ಆದರೆ ಈಗ ಬರೀ ಗೆರೆ ಯಾರಿಗೂ ಬೇಡ. ಕಟ್ಟುವ ಮುಂಚೆಯೇ ಮನೆ ಫೋಟೋದ ಹಾಗೆ ಕಾಣಬೇಕು, ಬೆರಳು ತಾಗಿಸಿದರೆ ತಿರುಗಬೇಕು. ಅಲ್ಲಿಗೆ ಬಂದಾಗ ಡಬ್ಬಿ ಕೈ ಎತ್ತಿಬಿಡುತ್ತಿತ್ತು.

"ಹದಿನೆಂಟು ದಿನ ಟೈಮ್ ಕೊಡ್ತೀನಿ," ಎಂದ ಕಂಟ್ರಾಕ್ಟರು ಬಾಗಿಲಲ್ಲಿ ನಿಂತು. "ಆರು ಕಡೆಯಿಂದ ಚಿತ್ರ, ಒಳಗೆ ಓಡಾಡಿದ ಹಾಗೆ ಒಂದು ವಿಡಿಯೊ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಸರ್ಕಲ್ ಹತ್ರ ಹೊಸ ಹುಡುಗರು ಆಫೀಸ್ ಹಾಕಿದ್ದಾರೆ."

"ಆಗುತ್ತೆ," ಎಂದಳು ಪ್ಲಾನಕ್ಕ.

ಹೇಗೆ ಆಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಆ ಸಂಜೆ ಊಟದ ಹೊತ್ತಿಗೆ ಸರಿಯಾಗಿ ಗಂಡನ ಅಣ್ಣ ಬಂದ. ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಟೈಲ್ಸ್ ಅಂಗಡಿ ಇಟ್ಟವನು. ಅವನು ಬಂದರೆ ಪ್ಲಾನಕ್ಕನ ಗಂಡ ಮೇಜಿನ ತುದಿಯ ಕುರ್ಚಿ ಬಿಟ್ಟುಕೊಟ್ಟು ತಾನು ಸ್ಟೂಲಿನ ಮೇಲೆ ಕೂರುತ್ತಿದ್ದ. ಹೇಳಿಸಿಕೊಂಡು ಅಲ್ಲ, ಕಾಲು ತಾವಾಗಿಯೇ ಎದ್ದುಬಿಡುತ್ತಿದ್ದವು.

"ನೋಡಮ್ಮಾ," ಎಂದ ಭಾವ, ಅನ್ನ ಕಲಸುತ್ತ, "ಬರೋ ಗಿರಾಕಿಗೆಲ್ಲ ಈಗ ಅವರ ಬಚ್ಚಲಲ್ಲಿ ಟೈಲ್ಸ್ ಹೆಂಗೆ ಕಾಣುತ್ತೆ ಅಂತ ಕಂಪ್ಯೂಟರಲ್ಲೇ ತೋರಿಸ್ಬೇಕು. ಹೊಸ ಲ್ಯಾಪ್‌ಟಾಪ್ ತಂದಿಟ್ಟಿದ್ದೀನಿ. ನೀನು ಬಂದು ಕೂತ್ಕೋ. ಹತ್ತರಿಂದ ಏಳು. ಏಸಿ ಇದೆ. ಸಂಜೆ ಲ್ಯಾಪ್‌ಟಾಪ್ ಮನೆಗೇ ತಗೊಂಡು ಬಾ, ಹುಡುಗಿಗೂ ಓದಕ್ಕಾಗುತ್ತೆ."

ಕಾಲೇಜಿಗೆ ಹೊಸದಾಗಿ ಸೇರಿದ್ದ ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಯಾವ ಲ್ಯಾಪ್‌ಟಾಪ್ ದೊಡ್ಡಪ್ಪ?"

"ಮತ್ತೆ ನನ್ನ ಪ್ಲಾನುಗಳು?" ಎಂದಳು ಪ್ಲಾನಕ್ಕ.

"ಅದನ್ನ ಯಾರಾದ್ರೂ ಬರೀತಾರೆ ಬಿಡು. ಈ ಹಳೇ ಡಬ್ಬಿ ಜೊತೆ ಇನ್ನೆಷ್ಟು ದಿನ ಅಂತ ಗುದ್ದಾಡ್ತೀಯ?"

"ಬೇಡ ಭಾವ."

"ಯೋಚನೆ ಮಾಡಿ ಹೇಳು."

"ಮಾಡೇ ಹೇಳಿದ್ದು. ಇನ್ನೊಂದು ಸ್ವಲ್ಪ ಪಲ್ಯ ಹಾಕ್ಲಾ?"

ಭಾವ ನಕ್ಕ. ತಮ್ಮನ ಕಡೆ ತಿರುಗಿ, "ನೀನು ಹೇಳು ಇವಳಿಗೆ," ಎಂದ. ತಮ್ಮ, "ಹೇಳ್ತೀನಣ್ಣ," ಎಂದು ನೀರು ಕುಡಿದ. ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅತ್ತೆ ಉಪ್ಪು ಕೇಳಿದರು.

ಭಾವ ಹೋದ ಮೇಲೆ ಪಾತ್ರೆ ತೊಳೆಯುವಾಗ ಗಂಡ ಪಕ್ಕಕ್ಕೆ ಬಂದು ನಿಂತ. ಅವನು ಬಸ್ ಡಿಪೋದಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವವನು. ಬೆಳಗಿಂದ ಸಂಜೆತನಕ ಬೇರಿಂಗು, ಬ್ರೇಕಿನ ಲೈನರು, ಫ್ಯಾನ್ ಬೆಲ್ಟು ಎಣಿಸಿ ಕೊಡುತ್ತಿದ್ದ.

"ಅಣ್ಣ ಕೆಟ್ಟದ್ದೇನೂ ಹೇಳ್ಲಿಲ್ಲ."

"ಕೆಟ್ಟದ್ದು ಅಂತ ನಾನೂ ಹೇಳ್ಲಿಲ್ಲ. ಬೇಡ ಅಂದೆ."

"ಈ ಕಂಪ್ಯೂಟರ್ ಮುಗೀತು ಕಣೇ. ಹೊಸದು ತಗೊಳೋಕೆ ನಮ್ಮ ಹತ್ರ ಆಗಲ್ಲ."

"ರೀ, ನಿಮ್ಮ ಡಿಪೋದಲ್ಲಿ ಎಂಜಿನ್ ಕೆಟ್ರೆ ಇಡೀ ಬಸ್ಸು ಗುಜರಿಗೆ ಹಾಕ್ತೀರಾ?"

"ಬಸ್ಸು ಬೇರೆ."

"ಏನು ಬೇರೆ? ಅದಕ್ಕೆ ಚಕ್ರ ಇದೆ ಅಂತಾನಾ?"

ಅವನು ಒರೆಸಿದ್ದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದ.

ಮರುದಿನ ಎಲ್ಲರೂ ಹೊರಟ ಮೇಲೆ ಪ್ಲಾನಕ್ಕ ಡಬ್ಬಿಯನ್ನು ಮೇಜಿನ ಮೇಲೆ ಎತ್ತಿಟ್ಟು ಪಕ್ಕದ ಮುಚ್ಚಳದ ತಿರುಪು ಬಿಚ್ಚಿದಳು. ಒಳಗೆ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಹಾಸಿತ್ತು. ಪೇಂಟಿನ ಬ್ರಷ್ಷಿನಿಂದ ಅದನ್ನೆಲ್ಲ ಗುಡಿಸಿದಳು. ಆಮೇಲೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಟೇಪು ಹಿಡಿದು ಅಳತೆ ತೆಗೆದು, ಒಳಗಿನ ಮದರ್‌ಬೋರ್ಡಿನ, ಆ ಹಸಿರು ಹಲಗೆಯ, ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದಳು. ಪ್ರೊಸೆಸರ್ ಕೂತ ಚೌಕ, ಅದರ ಮೇಲಿನ ಫ್ಯಾನು, ಮೆಮೊರಿ ಪಟ್ಟಿಯ ನಾಲ್ಕು ಗೂಡು, ಯಾವ ಗೂಡು ಭರ್ತಿ, ಯಾವುದು ಖಾಲಿ, ಎಲ್ಲವನ್ನೂ. ಹಲಗೆಯ ಮೇಲೆ ಕಂಡ ಪ್ರತಿ ನಂಬರನ್ನೂ ಅದರದರ ಜಾಗದಲ್ಲೇ ಬರೆದುಕೊಂಡಳು.

ಆ ಹಾಳೆ ಮಡಚಿಕೊಂಡು ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋದಳು. ಅಲ್ಲಿ ಮೆಟ್ಟಿಲ ಕೆಳಗಿನ ಒಂದು ಗೂಡಂಗಡಿಯಲ್ಲಿ ಹಳೇ ಕಂಪ್ಯೂಟರಿನ ಭಾಗಗಳನ್ನು ಮಾರುವ ಮುದುಕನೊಬ್ಬನಿದ್ದ. ಹಿಂದೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಓಣಿಯವರೆಲ್ಲ ಗುಜರಿ ಮೇಷ್ಟ್ರು ಎನ್ನುತ್ತಿದ್ದರು. ಕರೆದರೆ ಅವನೂ ಓ ಎನ್ನುತ್ತಿದ್ದ.

ಮೇಷ್ಟ್ರು ಹಾಳೆ ಬಿಡಿಸಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಯಾರಮ್ಮ ಇದನ್ನ ಬರ್ದಿದ್ದು?"

"ನಾನೇ."

"ಮೂವತ್ತು ವರ್ಷ ಪಾಠ ಮಾಡ್ದೆ. ಇಷ್ಟು ಚೆಂದದ ಚಿತ್ರ ಒಬ್ಬರೂ ಬರೆದುಕೊಡ್ಲಿಲ್ಲ." ಅವನು ಒಂದು ಡ್ರಾಯರು ಎಳೆದು, ಪ್ಲಾಸ್ಟಿಕ್ಕಿನ ಚಿಪ್ಪಿನೊಳಗಿದ್ದ ಒಂದೂವರೆ ಇಂಚಿನ ಚೌಕದ ತುಂಡೊಂದನ್ನು ತೆಗೆದು ಮುಂದಿಟ್ಟ. ಅದರ ಅಡಿಯಲ್ಲಿ ಸೂಜಿಮೊನೆಯಂಥ ಕಾಲುಗಳು ಒತ್ತೊತ್ತಾಗಿ ನಿಂತಿದ್ದವು. "ನಿಮ್ಮದರಲ್ಲಿ ಈಗಿರೋ ಪ್ರೊಸೆಸರ್ ಎರಡು ಕೋರಿಂದು, ಅಂದ್ರೆ ಎರಡು ಕೈಯಿನ ಆಳು. ಇದು ಎಂಟು ಕೈಯಿಂದು. ಅದೇ ಜಾಗದಲ್ಲಿ ಕೂರುತ್ತೆ. ನಿಮ್ಮ ಹಲಗೆಗೆ ಇದಕ್ಕಿಂತ ಜೋರಿನದು ಬರೋದೇ ಇಲ್ಲ, ಇದೇ ಕೊನೆ."

"ಹಾಕಿದ್ರೆ ಸಾಕಾ?"

"ಸಾಕಾಗಲ್ಲ. ಹಲಗೆಯೊಳಗೆ ಬಯೋಸ್ ಅಂತ ಒಂದು ಪ್ರೋಗ್ರಾಮ್ ಇರುತ್ತೆ. ಅದು ಹಳೇದು, ಈ ಹೊಸಬನ ಗುರುತು ಅದಕ್ಕಿಲ್ಲ. ಹಳೇ ಪ್ರೊಸೆಸರ್ ಒಳಗಿರುವಾಗಲೇ ಅದನ್ನ ಹೊಸದು ಮಾಡ್ಬೇಕು. ಐದಾರು ನಿಮಿಷದ ಕೆಲಸ. ಆ ಹೊತ್ತಲ್ಲಿ ಕರೆಂಟ್ ಹೋಯ್ತೋ, ಹಲಗೆನೇ ಹೋಯ್ತು. ಇನ್ನೊಂದು ಮಾತು: ಕೆಲಸ ಮಾಡ್ಲಿಲ್ಲ ಅಂದ್ರೆ ವಾಪಸ್ ತಗೋತೀನಿ. ಕಾಲು ಬಗ್ಗಿಸಿಕೊಂಡು ಬಂದ್ರೆ ತಗೊಳಲ್ಲ."

ಅವನು ಐದು ಸಾವಿರ ಹೇಳಿದ. ಪ್ಲಾನಕ್ಕನ ಪರ್ಸಿನಲ್ಲಿ ಒಟ್ಟು ಇದ್ದದ್ದೇ ಅಷ್ಟು, ಹೊಸ ಕನ್ನಡಕಕ್ಕೆಂದು ಎತ್ತಿಟ್ಟದ್ದು. ಅವಳು ನಾಲ್ಕಕ್ಕೆ ಇಳಿಸಿದಳು, ಅದರಲ್ಲೇ ಶಾಖ ಎಳೆಯುವ ಪೇಸ್ಟಿನ ಸಣ್ಣ ಟ್ಯೂಬೂ ಬರಬೇಕೆಂದಳು.

"ದೊಡ್ಡ ಫ್ಯಾನು ಬೇಕಾಗುತ್ತೆ," ಎಂದ ಮೇಷ್ಟ್ರು. "ಇದು ಬಹಳ ಬಿಸಿಯಾಗೋ ಪ್ರಾಣಿ."

"ನಮ್ಮನೇಲಿ ಎಲ್ಲರೂ ಬಿಸಿಯಾಗೇ ಇದ್ದಾರೆ. ಇದೂ ಇರ್ಲಿ. ಫ್ಯಾನು ಹಳೇದೇ ಸಾಕು."

ಮೇಷ್ಟ್ರು ನಕ್ಕು ನಾಲ್ಕೂಕಾಲಕ್ಕೆ ಕೊಟ್ಟ.

ಅವಳು ಮನೆ ಮೆಟ್ಟಿಲು ಹತ್ತುತ್ತಿದ್ದಾಗ ಭಾವನ ಫೋನು ಬಂತು. "ಒಳ್ಳೇದಾಯ್ತಮ್ಮಾ. ಒಂದನೇ ತಾರೀಖು ಸೋಮವಾರ. ಹತ್ತಕ್ಕೆ ಬಂದ್ಬಿಡು. ನಿನ್ನ ಹೆಸರಿನ ಕಾರ್ಡು ಮಾಡಿಸಕ್ಕೆ ಕೊಟ್ಟಿದ್ದೀನಿ."

"ನಾನು ಬರ್ತೀನಿ ಅಂತ ಯಾರು ಹೇಳಿದ್ದು?"

"ನಿನ್ನ ಗಂಡ. ಬೆಳಗ್ಗೆ ಡಿಪೋದಿಂದ ಫೋನ್ ಮಾಡಿದ್ನಲ್ಲ?"

ಅವತ್ತು ರಾತ್ರಿ ಊಟಕ್ಕೆ ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಬ್ರೆಡ್ಡು. ಎಲ್ಲರೂ ಕೂತ ಮೇಲೆ ಪ್ಲಾನಕ್ಕ ಮೊಟ್ಟೆಯ ಸಿಪ್ಪೆ ಸುಲಿಯುತ್ತಲೇ ಕೇಳಿದಳು, "ನನ್ನ ಬಾಯಿ ನಿಮ್ಮ ಹತ್ರ ಯಾವಾಗ ಬಂತು?"

ಗಂಡ ತಲೆ ಎತ್ತಲಿಲ್ಲ. "ಅಣ್ಣ ಮತ್ತೆ ಮತ್ತೆ ಕೇಳ್ದ. ಇಲ್ಲ ಅನ್ನಕ್ಕಾಗ್ಲಿಲ್ಲ."

"ನಂಗೆ ಆಯ್ತಲ್ಲ? ಅವರ ಎದುರಿಗೇ ಕೂತು ಅಂದ್ನಲ್ಲ?"

"ನಿಂಗೇನು, ಅಂದುಬಿಡ್ತೀಯ!" ಅವನ ದನಿ ಏರಿತು. "ಈ ಮನೇಲಿ ಕೂರೋಕೆ ಜಾಗ ಇದೆಯಾ? ಹಾಲಲ್ಲಿ ನಕ್ಷೆ, ಸೋಫಾ ಮೇಲೆ ನಕ್ಷೆ, ಮೊನ್ನೆ ಸ್ನಾನದ ಟವೆಲ್ ಕೆಳಗೂ ಒಂದು ಸಿಕ್ತು. ಅರ್ಧ ಊಟಕ್ಕೆ ಎದ್ದು ಹೋಗ್ತೀಯ. ಆ ಕಂಟ್ರಾಕ್ಟರು ಕೊಟ್ಟಾಗ ಕೊಟ್ಟ, ಬಿಟ್ಟಾಗ ಬಿಟ್ಟ. ಅಲ್ಲಾದ್ರೆ ತಿಂಗಳಾದ್ರೆ ಸಂಬಳ. ಸಂಜೆ ಆದ್ರೆ ಮನೆ. ನಾನು ಕೇಳ್ತಿರೋದು ದೊಡ್ಡದಾ?"

"ಅಮ್ಮಾ, ಅಪ್ಪ ಹೇಳೋದೂ ಸರಿ," ಎಂದಳು ಮಗಳು. "ನಿನ್ನ ಹಠಕ್ಕೆ ನಾನೂ ಆ ಡಬ್ಬಿಲೇ ಪ್ರಾಜೆಕ್ಟ್ ಮಾಡ್ಬೇಕು. ಕ್ಲಾಸಲ್ಲಿ ಎಲ್ಲರ ಹತ್ರಾನೂ ಲ್ಯಾಪ್‌ಟಾಪ್ ಇದೆ."

"ಎಲ್ಲರ ಹತ್ರಾನೂ?"

"...ಅರ್ಧ ಜನರ ಹತ್ರ."

ಪ್ಲಾನಕ್ಕ ತಟ್ಟೆ ಸರಿಸಿದಳು. "ಜಾಗದ ಮಾತು ಒಪ್ಪಿದೆ. ನಾಳೆಯಿಂದ ನಕ್ಷೆ ನನ್ನ ಮೇಜು ದಾಟಲ್ಲ. ಆದ್ರೆ ಅಂಗಡಿಗೆ ನಾನು ಹೋಗಲ್ಲ. ಹೌದು ಅಂದಿದ್ದು ನೀವು, ಇಲ್ಲ ಅನ್ನೋದೂ ನೀವೇ. ನಾನು ಫೋನ್ ಮಾಡಿ ಸಮಜಾಯಿಷಿ ಕೊಡಲ್ಲ."

"ನಾನು ಹೇಗೆ ಹೇಳ್ಲಿ?"

"ಹೇಗೆ ಹೌದು ಅಂದ್ರೋ ಹಾಗೇ. ಬಾಯಿ ತೆಗೆದು."

"ಊಟ ತಣ್ಣಗಾಗ್ತಿದೆ," ಎಂದರು ಅತ್ತೆ. ಅಷ್ಟೇ.

ಆ ವಾರ ಮನೆಯಲ್ಲಿ ಮಾತು ಕಮ್ಮಿ, ಪಾತ್ರೆಗಳ ಸದ್ದು ಜಾಸ್ತಿ. ಗಂಡ ಫೋನ್ ಮಾಡಲಿಲ್ಲ. ಅವಳು ಕೇಳಲೂ ಇಲ್ಲ. ಹಗಲೆಲ್ಲ ಕಟ್ಟಡದ ಗೆರೆಗಳನ್ನು ಮುಗಿಸಿದಳು, ಬಣ್ಣ ತುಂಬುವ ಕೆಲಸವನ್ನು ಭಾನುವಾರದ ಆಚೆಗಿಟ್ಟಳು. ಸೋಫಾ ಖಾಲಿಯಾಯಿತು. ಖಾಲಿ ಸೋಫಾದ ಮೇಲೆ ಗಂಡನೂ ಕೂರಲಿಲ್ಲ, ಮುನಿಸಿಗೆ.

ಶನಿವಾರ ಮಗಳು ಕಾಲೇಜಿನಿಂದ ಬಂದು ಒಂದು ಪೆನ್ ಡ್ರೈವ್ ಮೇಜಿನ ಮೇಲೆ ಎಸೆದಳು. "ನಿನ್ನ ಬಯೋಸ್. ಹಲಗೆ ಮಾಡಿದ ಕಂಪನಿ ಸೈಟಿಂದ ಇಳಿಸಿದ್ದೀನಿ. ನಿನ್ನ ನಕ್ಷೇಲಿದ್ದ ನಂಬರ್ ಎರಡು ಸಲ ನೋಡಿದ್ದೀನಿ. ಲ್ಯಾಪ್‌ಟಾಪ್ ಬೇಡ ಅಂತ ಅಲ್ಲ. ನೀನು ತಪ್ಪು ಫೈಲ್ ಹಾಕಿ ಇರೋದನ್ನೂ ಹಾಳು ಮಾಡ್ಬಾರ್ದು ಅಂತ."

"ಆಯ್ತು," ಎಂದಳು ಪ್ಲಾನಕ್ಕ. ನಗು ಬಂದದ್ದನ್ನು ತೋರಿಸಿಕೊಳ್ಳಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆ ಅವಳು ಮನೆಗೆಲ್ಲ ಕೇಳುವಂತೆ ಹೇಳಿದಳು: "ಆರು ನಿಮಿಷ ಯಾರೂ ಯಾವ ಸ್ವಿಚ್ಚೂ ಮುಟ್ಟಬಾರದು. ಬಟ್ಟೆ ಮೆಷೀನ್ ಬೇಡ, ಇಸ್ತ್ರಿ ಬೇಡ, ಬಿಸಿನೀರು ಬೇಡ." ಫ್ರಿಜ್ಜಿನ ವೈರು ಕಿತ್ತಳು. ಮಗಳು ಮೇನ್ ಸ್ವಿಚ್ಚಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂತಳು. ಬಚ್ಚಲಿನಿಂದ ಗಂಡ ತಲೆಗೆ ಸೋಪು ಹಚ್ಚಿಕೊಂಡೇ ಕೂಗಿದ, "ನೀರು ತಣ್ಣಗಿದೆ!"

"ತಣ್ಣೀರಲ್ಲೇ ಮುಗಿಸಿ!"

ಪರದೆಯ ಮೇಲೆ ಬಿಳಿ ಪಟ್ಟಿಯೊಂದು ನಿಧಾನ ತುಂಬತೊಡಗಿತು. ನಲವತ್ತು ದಾಟಿತು, ಅರವತ್ತಕ್ಕೆ ಬಂತು. ಅಷ್ಟರಲ್ಲಿ ಹಾಲಿನ ಬಲ್ಬು ಒಮ್ಮೆ ಮಂಕಾಯಿತು. ಮಗಳು, "ನಾನಲ್ಲ!" ಎಂದು ಕಿರುಚಿದಳು. ಗಂಡ ಟವೆಲ್ ಸುತ್ತಿಕೊಂಡು ಓಡಿ ಬಂದ. ಬಲ್ಬು ಮತ್ತೆ ಹೊತ್ತಿಕೊಂಡಿತು. ಪಟ್ಟಿ ತುಂಬಿತು, ಕಂಪ್ಯೂಟರು ತಾನಾಗಿ ಆರಿ ತಾನಾಗಿ ಎದ್ದಿತು.

"ಆಯ್ತಾ?" ಎಂದ ಗಂಡ. ಅವನ ಗಲ್ಲದಿಂದ ಸೋಪಿನ ನೊರೆ ಇಳಿಯುತ್ತಿತ್ತು.

"ಇದು ಆಯ್ತು. ನೀವು ಹೋಗಿ ತಲೆ ತೊಳ್ಕೊಳ್ಳಿ."

ಕಷ್ಟದ ಭಾಗ ಮುಗಿಯಿತೆಂದು ಅವಳು ಅಂದುಕೊಂಡಳು. ವೈರು ಕಿತ್ತು, ಫ್ಯಾನು ಬಿಚ್ಚಿ, ಗಟ್ಟಿಯಾಗಿ ಹೋಗಿದ್ದ ಹಳೇ ಪೇಸ್ಟನ್ನು ಒರೆಸಿ, ಹಳೇ ಪ್ರೊಸೆಸರನ್ನು ಎತ್ತಿ ಪಕ್ಕಕ್ಕಿಟ್ಟಳು. ಹೊಸದನ್ನು ಬೆರಳಲ್ಲಿ ಹಿಡಿದು ಚೌಕದ ಮೇಲೆ ತಂದ ಹೊತ್ತಿಗೆ ಫೋನು ಬಡಿದುಕೊಂಡಿತು. ಕಂಟ್ರಾಕ್ಟರು. "ನಂತರ ಮಾತಾಡ್ತೀನಿ ಅನ್ನು," ಎಂದು ಮಗಳಿಗೆ ಹೇಳುತ್ತಲೇ ತುಂಡನ್ನು ಕೂರಿಸಿದಳು. ಅದು ಒಂದು ಕಡೆ ಕೊಂಚ ಎದ್ದಂತೆ ಕಂಡಿತು. ಹೆಬ್ಬೆರಳಿಂದ ಒತ್ತಿದಳು.

ಏನೋ ಮೆತ್ತಗೆ ಜಾರಿದ ಹಾಗಾಯಿತು. ಎತ್ತಿ ತಿರುಗಿಸಿ ನೋಡಿದಳು. ಮೂಲೆಯ ತ್ರಿಕೋನದ ಗುರುತು ಎದುರು ದಿಕ್ಕಿಗಿತ್ತು. ಅಡಿಯಲ್ಲಿ ಏಳು ಕಾಲುಗಳು ಗಾಳಿಗೆ ಬಿದ್ದ ಪೈರಿನ ಹಾಗೆ ಒಂದರ ಮೇಲೊಂದು ಒರಗಿದ್ದವು.

ಮನೆ ನಕ್ಷೆಯಲ್ಲಿ ಅರ್ಧ ಇಂಚಿನ ತಪ್ಪನ್ನೂ ಸಹಿಸದವಳು ಅವಳು. ಯಾರೂ ಅಡ್ಡ ಬಂದಿರಲಿಲ್ಲ, ಯಾರೂ ಕೈ ತಳ್ಳಿರಲಿಲ್ಲ. ತಪ್ಪು ಪೂರ್ತಿ ಅವಳದೇ. ತುಂಡನ್ನು ಚಿಪ್ಪಿನಲ್ಲಿಟ್ಟು ಅಡುಗೆಮನೆಗೆ ಹೋಗಿ ಆಲೂಗಡ್ಡೆ ಸುಲಿಯತೊಡಗಿದಳು. ಒಂದು ಕಿಲೋ ಸುಲಿದಳು. ಯಾರಿಗೂ ಅಷ್ಟು ಬೇಕಿರಲಿಲ್ಲ.

ಗಂಡ ಬಾಗಿಲಿಗೆ ಬಂದ. "ನಾನು ಮೊದಲೇ..."

"ಆ ಮಾತು ಮುಗಿಸಬೇಡಿ."



ಅಷ್ಟರಲ್ಲಿ ಹಾಲಿನಿಂದ ಅತ್ತೆಯ ದನಿ ಬಂತು. "ಮಗೂ, ನನ್ನ ಟ್ರಂಕಲ್ಲಿ ಕೆಳಗಡೆ ಒಂದು ತಗಡಿನ ಡಬ್ಬಿ ಇದೆ, ತಗೊಂಡು ಬಾ."

ಡಬ್ಬಿಯೊಳಗೆ ಫ್ಲಾನಲ್ ಬಟ್ಟೆಯಲ್ಲಿ ಸುತ್ತಿದ ಚಿಮಟವೊಂದಿತ್ತು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿಯೊಂದಿತ್ತು. ಮದುವೆಗೆ ಮುಂಚಿನಿಂದಲೂ ಅತ್ತೆ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕೈಗಡಿಯಾರದ ಒಳಯಂತ್ರ ಜೋಡಿಸುವ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದರು. ಮೊಮ್ಮಗಳಿಗೆ ಇದು ಕೇಳಿ ಗೊತ್ತಿತ್ತೇ ಹೊರತು ಈ ಡಬ್ಬಿಯನ್ನು ಅವಳು ಕಂಡಿರಲಿಲ್ಲ.

"ಅಜ್ಜಿ, ನಿನ್ನ ಕೈ ನಡುಗುತ್ತೆ."

"ಲೋಟ ಹಿಡಿದಾಗ ನಡುಗುತ್ತೆ. ಇದನ್ನ ಹಿಡಿದಾಗ ಏನು ಮಾಡುತ್ತೋ ನೋಡೋಣ. ದೀಪ ಹತ್ರ ತಾ."

ಪ್ಲಾನಕ್ಕ ಕೈ ಒರೆಸಿಕೊಂಡು ಬಂದು ನಿಂತಳು. ಅತ್ತೆ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿದರು. ಚಿಮಟದ ತುದಿ ಒಮ್ಮೆ ಅಲುಗಿತು, ಎರಡು ಸಲ ಅಲುಗಿತು, ಆಮೇಲೆ ನಿಂತಿತು.

"ಇದರ ಕಾಲು ದಪ್ಪವೇ ಇದೆ," ಎಂದರು. "ನಮ್ಮ ಸ್ಪ್ರಿಂಗು ಕೂದಲಿಗಿಂತ ಸಣ್ಣ. ಉಸಿರು ಬಿಟ್ರೆ ಹಾರಿ ಹೋಗೋದು." ಮೊದಲನೆಯ ಕಾಲು ನೆಟ್ಟಗಾಯಿತು. "ಒಂದೇ ಸಲಕ್ಕೆ ಎಳೀಬಾರ್ದು. ಸ್ವಲ್ಪ ಎತ್ತಬೇಕು, ಬಿಡಬೇಕು. ಮತ್ತೆ ಸ್ವಲ್ಪ."

ಎರಡು, ಮೂರು. ನಾಲ್ಕನೆಯದರ ನಡುವೆ ಅತ್ತೆಯೇ ಮಾತು ತೆಗೆದರು, ಕಣ್ಣು ಎತ್ತದೆ.

"ನಂಗೆ ಇನ್ನೂ ಒಂಬತ್ತು ವರ್ಷ ಸರ್ವೀಸಿತ್ತು. ಕಂಪನಿಯೋರು ಬಿಟ್ಟು ಹೋಗೋರಿಗೆ ಒಟ್ಟಿಗೇ ದುಡ್ಡು ಕೊಡ್ತೀವಿ ಅಂದ್ರು. ದೊಡ್ಡೋನು ಫಾರ್ಮು ತಂದು, ಅಮ್ಮಾ ದುಡಿದಿದ್ದು ಸಾಕು, ಸಹಿ ಮಾಡು ಅಂದ. ಚಿಕ್ಕೋನು ಪಕ್ಕದಲ್ಲೇ ಇದ್ದ, ಸುಮ್ನೆ ಇದ್ದ. ಮಾಡ್ದೆ. ಆ ದುಡ್ಡಲ್ಲೇ ಟೈಲ್ಸ್ ಅಂಗಡಿ ಎದ್ದಿದ್ದು."

"ಅತ್ತೇ, ಇದನ್ನ ನೀವು ಯಾವತ್ತೂ..."

"ಅಂಗಡಿ ಚೆನ್ನಾಗಿ ನಡೀತಿದೆ, ನಂಗೂ ಸಂತೋಷವೇ. ಆದ್ರೆ ನಿಂಗೆ ಇಷ್ಟ ಇದೆಯಾ ಅಂತ ಒಬ್ಬರೂ ಕೇಳ್ಲಿಲ್ಲ. ಮರುದಿನ ಬೆಳಗ್ಗೆ ಐದಕ್ಕೇ ಎಚ್ಚರ ಆಯ್ತು. ಬಸ್ಸಿಗೆ ಹೋಗೋದಿರ್ಲಿಲ್ಲ. ಡಬ್ಬಿ ತೆಗೆದು ಚಿಮಟ ಒರೆಸಿ ಮತ್ತೆ ಇಟ್ಟೆ. ದೀಪ ಇನ್ನೂ ಈ ಕಡೆ."

ಗಂಡ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲಿ ಸುಲಿದ ಆಲೂಗಡ್ಡೆಯೊಂದಿತ್ತು, ಯಾಕೆ ಹಿಡಿದಿದ್ದನೋ.

ಐದು, ಆರು ನೆಟ್ಟಗಾದವು. ಏಳನೆಯದು ಬುಡದಲ್ಲೇ ಟಕ್ಕೆಂದು ಮುರಿಯಿತು. ಮಗಳು ಅಯ್ಯೋ ಎಂದಳು. ಅತ್ತೆ ಭೂತಗನ್ನಡಿ ಕಳಚಿ ಕಣ್ಣು ಉಜ್ಜಿಕೊಂಡರು. "ಅದು ಮೊದಲೇ ಸತ್ತಿತ್ತು. ಇಷ್ಟು ಕಾಲಲ್ಲಿ ಒಂದಿಲ್ಲದಿದ್ರೆ ಏನು ಮಾಡುತ್ತೋ ನೋಡು. ಹಾಕು. ಹೆದರಿಕೊಂಡು ಹಾಕಬೇಡ."

ಈ ಸಲ ಪ್ಲಾನಕ್ಕ ತ್ರಿಕೋನವನ್ನು ತ್ರಿಕೋನಕ್ಕೆ ಹೊಂದಿಸಿ ಕೈಬಿಟ್ಟಳು. ತುಂಡು ತನ್ನ ಭಾರಕ್ಕೆ ತಾನೇ ಇಳಿದು ಕೂತಿತು. ಪೇಸ್ಟು ಹಚ್ಚಿ, ಫ್ಯಾನು ಬಿಗಿದು, ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಡಬ್ಬಿ ಮೂರು ಸಲ ಕೀಚ್ ಎಂದು ಸುಮ್ಮನಾಯಿತು.

ಮಗಳು ತನ್ನ ಫೋನಿನಲ್ಲಿ ಹುಡುಕಿದಳು. "ಮೆಮೊರಿ ಸಿಗ್ತಿಲ್ಲ ಅಂತ ಹೇಳ್ತಿದೆ. ಮುರಿದ ಕಾಲು ಆ ಗೂಡುಗಳದ್ದಿರ್ಬೇಕು. ಅಮ್ಮಾ, ನಿನ್ನ ನಕ್ಷೆ ಎಲ್ಲಿ?"

ನಕ್ಷೆ ಹಾಸಿಕೊಂಡು ತಾಯಿ ಮಗಳು ತಲೆಗೆ ತಲೆ ತಾಗಿಸಿ ನೋಡಿದರು. ಭರ್ತಿಯಿದ್ದ ಎರಡು ಗೂಡುಗಳಿಂದ ಪಟ್ಟಿಗಳನ್ನು ಕಿತ್ತು ಖಾಲಿಯಿದ್ದ ಎರಡಕ್ಕೆ ಹಾಕಿದರು. ಮತ್ತೆ ಗುಂಡಿ. ಒಂದೇ ಒಂದು ಕೀಚ್. ಪರದೆ ಬೆಳಗಿತು.

"ಎಂಟು," ಎಂದು ಮಗಳು ಓದಿದಳು. "ಎಂಟು ಕೋರೂ ತೋರಿಸ್ತಿದೆ ಅಜ್ಜಿ!"

ಅತ್ತೆ ಚಿಮಟವನ್ನು ಫ್ಲಾನಲಿನಲ್ಲಿ ಸುತ್ತುತ್ತ, "ಇನ್ನು ಆ ಆಲೂಗಡ್ಡೆಗೆ ಏನಾದ್ರೂ ಗತಿ ಕಾಣಿಸ್ರಿ," ಎಂದರು.

ಗುಜರಿ ಮೇಷ್ಟ್ರು ಹೇಳಿದ್ದು ನಿಜವಾಯಿತು. ಮೊದಲನೇ ಚಿತ್ರಕ್ಕೇ ಡಬ್ಬಿ ಕಾದ ಹೆಂಚಿನಂತಾಗಿ ತಾನಾಗಿ ಆರಿಹೋಯಿತು. ಪಕ್ಕದ ಮುಚ್ಚಳ ತೆಗೆದಿಟ್ಟು, ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ಹಿಡಿದ ಮೇಲೆ ಸಮಾಧಾನಕ್ಕೆ ಬಂತು. ಮುಂದಿನ ಒಂಬತ್ತು ದಿನ ಮನುಷ್ಯರು ಬೆವರಿದರು, ಕಂಪ್ಯೂಟರು ತಣ್ಣಗಿತ್ತು. ಮಗಳು ಅನ್ನ ಮಾಡಿದಳು, ಒಂದು ದಿನ ಮುದ್ದೆಯಾಯಿತು, ಒಂದು ದಿನ ಗುಂಡುಕಲ್ಲಾಯಿತು. ಗಂಡ ಬಟ್ಟೆ ಒಗೆದು ಒಣಹಾಕಿದ. ಅಣ್ಣನಿಗೆ ಫೋನ್ ಮಾಡಿದೆ ಎಂದು ಮಾತ್ರ ಹೇಳಲಿಲ್ಲ.

ಮೊದಲಿಗೆ ಅರ್ಧ ದಿನ ತಿನ್ನುತ್ತಿದ್ದ ಚಿತ್ರ ಈಗ ಒಂದು ಪಾತ್ರೆ ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತಿತ್ತು. ಹದಿನೇಳನೆಯ ದಿನ ಕಂಟ್ರಾಕ್ಟರು ಬಂದ. ಪ್ಲಾನಕ್ಕ ಮೌಸ್ ಅಲುಗಿಸಿದಳು, ಹನ್ನೆರಡು ಮನೆಗಳ ಕಟ್ಟಡ ಅವನ ಮುಂದೆ ಸರಾಗವಾಗಿ ತಿರುಗಿತು. ಮೆಟ್ಟಿಲು ಹತ್ತಿಸಿ, ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬೀಳುವುದನ್ನೂ ತೋರಿಸಿದಳು.

"ಹೊಸ ಕಂಪ್ಯೂಟರ್ ತಗೊಂಡ್ರಾ?"

"ಇಲ್ಲ. ಅದೇ."

"ಅದೇ ಅಂದ್ಮೇಲೆ ರೇಟೂ ಅದೇ ಅಲ್ವಾ?" ಎಂದು ಅವನು ಹಲ್ಲು ಬಿಟ್ಟ.

"ಗೆರೆಗೆ ಅದೇ ರೇಟು. ಚಿತ್ರಕ್ಕೆ ಬೇರೆ. ಸರ್ಕಲ್ ಹತ್ರದ ಹುಡುಗರನ್ನ ಕೇಳಿಕೊಂಡು ಬನ್ನಿ, ಅವರು ಹೇಳೋದಕ್ಕಿಂತ ಒಂದು ಕಾಸು ಕಮ್ಮಿ ಮಾಡಲ್ಲ. ಅವರ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಹೋದ್ರೆ ತಲೆ ತಾಗುತ್ತೆ. ನನ್ನದರಲ್ಲಿ ತಾಗಲ್ಲ."

ಕಂಟ್ರಾಕ್ಟರು ಅಲ್ಲೇ ಕೂತು ಅರ್ಧ ಕೊಟ್ಟ, ಉಳಿದರ್ಧಕ್ಕೆ ದಿನ ಹೇಳಿದ. ಆ ದಿನವನ್ನು ಅವಳು ಅವನ ಕೈಯಲ್ಲೇ ಬರೆಸಿಕೊಂಡಳು.

ಒಂದನೇ ತಾರೀಖಿನ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಊಟಕ್ಕೆ ಭಾವ ಬಂದ. ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ, ಜೇಬಿನಲ್ಲಿ ಅವಳ ಹೆಸರಿನ ಕಾರ್ಡು. ಮೇಜಿನ ತುದಿಗೆ ಬಂದು ನಿಂತ. ಗಂಡ ಕುರ್ಚಿಯಲ್ಲೇ ಕೂತಿದ್ದ. ಕಾಲು ಎದ್ದೇಳಲು ಹೊರಟವು, ಅವನು ಎರಡೂ ಕೈಯಿಂದ ಮೇಜು ಹಿಡಿದುಕೊಂಡ. ಭಾವ ಒಂದು ಕ್ಷಣ ಕಾದು, ಬೇರೆ ಕುರ್ಚಿ ಎಳೆದುಕೊಂಡು ಕೂತ.

"ನಾಳೆ ಹತ್ತಕ್ಕೆ, ಅಲ್ವಾಮ್ಮಾ? ಕಾರ್ಡು ನೋಡು, ಎಷ್ಟು ಚೆನ್ನಾಗಿ ಬಂದಿದೆ."

ಪ್ಲಾನಕ್ಕ ಬಡಿಸುತ್ತಿದ್ದಳು. ಸೌಟು ಪಾತ್ರೆಗೆ ತಾಗಿದ ಸದ್ದಷ್ಟೇ ಕೇಳಿತು.

"ಅಣ್ಣಾ," ಎಂದ ಗಂಡ. ಮೇಜಿನಿಂದ ಕೈ ತೆಗೆದ. "ಅಣ್ಣಾ, ಅವಳು ಬರಲ್ಲ."

"ಏನು?"

"ಅವಳು ಅವತ್ತೇ ಬೇಡ ಅಂದಿದ್ಲು. ಅವಳನ್ನ ಕೇಳದೇನೇ ನಾನು ಹೂಂ ಅಂದೆ. ತಪ್ಪು ನಂದು."

"ನೀನು ಹೂಂ ಅಂದಿದ್ದಕ್ಕೆ ನಾನು ಇಷ್ಟೆಲ್ಲ ಮಾಡಿಸಿದ್ದೀನಿ! ನಿನ್ನ ಮಾತಿಗೆ ಬೆಲೆ ಇಲ್ವಾ?"

"ಅವಳ ಮಾತು ಅದು. ನಂದಾಗಿರ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಅಮ್ಮನ ಫಾರ್ಮಿಗೆ ಸಹಿ ಹಾಕಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಅವತ್ತು ಬಾಯಿ ಬಿಡ್ಲಿಲ್ಲ. ಇವತ್ತಾದ್ರೂ ಬಿಡ್ತೀನಿ."

ಭಾವ ತಾಯಿಯ ಕಡೆ ನೋಡಿದ. ಅತ್ತೆ ಅವನನ್ನೇ ನೋಡುತ್ತಿದ್ದರು, ಕಣ್ಣು ಸರಿಸಲಿಲ್ಲ. ಅವನು ಚೀಲ ಎತ್ತಿಕೊಂಡು ಎದ್ದ.

"ಕೂತ್ಕೋ," ಎಂದರು ಅತ್ತೆ. "ಇಲ್ಲ ಅಂದಿದ್ದು ಕೆಲಸಕ್ಕೆ, ಊಟಕ್ಕಲ್ಲ. ಉಂಡು ಹೋಗು."

ಅವನು ಚೀಲ ಕೆಳಗಿಟ್ಟ. ಆಮೇಲೆ ಕೂತ. ಪ್ಲಾನಕ್ಕ ಅವನ ತಟ್ಟೆಗೆ ಎಲ್ಲರಿಗಿಂತ ಮೊದಲೂ ಅಲ್ಲ, ಕೊನೆಗೂ ಅಲ್ಲ, ಸರದಿ ಬಂದಾಗ ಬಡಿಸಿದಳು. ಅವನು ಉಂಡ, ಎರಡನೇ ಸಲ ಅನ್ನ ಹಾಕಿಸಿಕೊಂಡ. ಹೊರಟಾಗ ಬಾಗಿಲ ತನಕ ಹೋದವನು ತಮ್ಮ ಮಾತ್ರ. ಮೆಟ್ಟಿಲಲ್ಲಿ ಇಬ್ಬರೂ ಏನು ಮಾತಾಡಿದರೋ ಒಳಗೆ ಕೇಳಿಸಲಿಲ್ಲ. ಗಂಡ ತಿರುಗಿ ಬಂದಾಗ ಅವನ ಮುಖ ಜ್ವರ ಬಿಟ್ಟವನ ಮುಖದಂತಿತ್ತು.

ಅವನು ಹೆಂಡತಿಯ ಮುಂದೆ ಬಂದು ನಿಂತ. ಏನೋ ಒಂದು ಮಾತಿಗೆ ಕಾಯುತ್ತಿದ್ದ.

"ಹದಿನೆಂಟು ದಿನ ತಗೊಂಡ್ರಿ," ಎಂದಳು ಪ್ಲಾನಕ್ಕ. "ನನ್ನ ಹಳೇ ಪ್ರೊಸೆಸರೂ ಇಷ್ಟು ನಿಧಾನ ಇರ್ಲಿಲ್ಲ."

ಮಗಳು ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿಸಿಕೊಂಡಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡ ಮೊದಲು ಪೆಚ್ಚಾದ, ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ಪ್ಲಾನಕ್ಕ ಮಾತ್ರ ನಗಲಿಲ್ಲ. ಖಾಲಿಯಿದ್ದ ಕುರ್ಚಿ ಎಳೆದುಕೊಂಡು, ತಟ್ಟೆ ಹಾಕಿಕೊಂಡು, ಅನ್ನ ಬಡಿಸಿಕೊಂಡು ಕೂತಳು. ಕಡೇ ತುತ್ತಿನ ತನಕ ಏಳಲಿಲ್ಲ.